ಕ್ಲಬ್ ಗಿಗ್‌ಗೆ ಒಯ್ಯೋ ಡಿಜೆ ಸಾಮಾನು ಕಮ್ಮಿ ಮಾಡೋದು ಹೇಗೆ? (ಆಲ್ಟೊ ಡಿಕ್ಕಿಯ ಅಳತೆಯಲ್ಲಿ ಹೇಳಿ)

ವೈನಿಲ್_ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಈಗ ನನ್ನ ಹತ್ರ ಇರೋದು: ಟೆಕ್ನಿಕ್ಸ್ 1200 ಟರ್ನ್‌ಟೇಬಲ್ ಎರಡು, ಎರಡು ಚಾನೆಲ್ ಮಿಕ್ಸರ್, ಟೈಮ್‌ಕೋಡ್ (ಲ್ಯಾಪ್‌ಟಾಪ್‌ನ ಹಾಡಿಗೆ ವೇಗ, ಜಾಗ ಹೇಳೋ ವಿಶೇಷ ರೆಕಾರ್ಡ್‌ನ ಸಿಗ್ನಲ್) ಓದೋ ಸೌಂಡ್ ಕಾರ್ಡ್, ಲ್ಯಾಪ್‌ಟಾಪ್, ಕ್ಯೂ-ಲೂಪ್ (ಹಾಡಲ್ಲಿ ಗುರುತಿಟ್ಟ ಜಾಗ, ಮತ್ತೆ ಮತ್ತೆ ತಿರುಗೋ ತುಣುಕು) ಒತ್ತೋಕೆ ಪುಟ್ಟ ಮಿಡಿ ಕಂಟ್ರೋಲರ್, ಇವನ್ನೆಲ್ಲ ಸಿಕ್ಕಿಸೋಕೆ ಯುಎಸ್‌ಬಿ ಹಬ್, ಹೆಡ್‌ಫೋನ್, ಆಮೇಲೆ ಒಂದು ಚೀಲದ ತುಂಬಾ ಕೇಬಲ್. ಟರ್ನ್‌ಟೇಬಲ್ ಒಂದೊಂದೂ 12 ಕಿಲೋ ಮೇಲಿದೆ, ಪೆಟ್ಟಿಗೆ ತೂಕ ಬೇರೆ.

ಗಿಗ್ ಅಂದ್ರೆ ಹೆಚ್ಚಾಗಿ ಸಿದ್ದಾಪುರ-ಪಾಲಿಬೆಟ್ಟ ಕಡೆಯ ಪ್ಲಾಂಟರ್ಸ್ ಕ್ಲಬ್‌ಗಳ ಶನಿವಾರದ ಪಾರ್ಟಿ, ಮಡಿಕೇರಿ ಸುತ್ತಮುತ್ತಲ ರೆಸಾರ್ಟ್, ಸೀಸನ್‌ನಲ್ಲಿ ಕುಶಾಲನಗರ, ಗೋಣಿಕೊಪ್ಪದಲ್ಲಿ ರಿಸೆಪ್ಷನ್. ಸ್ಪೀಕರ್ ನಾನು ತರಲ್ಲ, ಅವರದ್ದೇ ಇರುತ್ತೆ. ಆದ್ರೂ ಹೊಂದಿಸೋಕೆ ಮುಕ್ಕಾಲು ಗಂಟೆ ಹಿಡಿಯುತ್ತೆ, ಬಿಚ್ಚೋಕೆ ಅರ್ಧ ಗಂಟೆ. ರಾತ್ರಿ ಆನೆ ದಾಟೋ ರಸ್ತೆಯಲ್ಲಿ ಮನೆಗೆ ವಾಪಸ್ ಬರೋನಿಗೆ ಆ ಅರ್ಧ ಗಂಟೆ ದೊಡ್ಡದು.

ಒಂದು ಬೆನ್ನುಚೀಲ, ಒಂದು ಕೈಚೀಲ, ಇಷ್ಟರಲ್ಲೇ ಮುಗಿಬೇಕು. ಏನು ಬಿಡಲಿ, ಏನು ಇಟ್ಕೊಳ್ಳಲಿ? ಸ್ಕ್ರ್ಯಾಚ್ ಮಾಡೋ (ರೆಕಾರ್ಡನ್ನ ಕೈಯಲ್ಲಿ ಹಿಂದೆ ಮುಂದೆ ಎಳೆದು ಶಬ್ದ ತರೋ) ಚಟ ಇದೆ ಅನ್ನೋದು ಗಮನದಲ್ಲಿರಲಿ.

ಪುತ್ತರಿಬೀಟ್

ಅಣ್ಣ, ಮೊದಲು ಜಾಗಗಳನ್ನ ವಿಂಗಡಿಸಿ, ಸಾಮಾನು ಆಮೇಲೆ. ನನ್ನ ಮನೆ ಪೊನ್ನಂಪೇಟೆ, ಬಾರಿಸೋದು ಹೆಚ್ಚು ಬೆಂಗಳೂರಲ್ಲಿ. ಅಲ್ಲಿನ ಕ್ಲಬ್ ಬೂತ್‌ನಲ್ಲಿ ಸಿಡಿಜೆ (ಪೆನ್‌ಡ್ರೈವ್‌ನಿಂದ ಹಾಡು ಬಾರಿಸೋ ಡಿಜೆ ಪ್ಲೇಯರ್), ಮಿಕ್ಸರ್ ಕಾಯಂ ಕೂತಿರುತ್ತೆ, ನಾನು ಹೆಡ್‌ಫೋನ್, ಎರಡು ಪೆನ್‌ಡ್ರೈವ್ ಹಿಡ್ಕೊಂಡು ಮೆಟ್ರೋದಲ್ಲಿ ಹೋಗ್ತೀನಿ. ಊರಿಗೆ ಬಂದ್ರೆ ಆ ಕಥೆ ನಡೆಯಲ್ಲ. ಇಲ್ಲಿನ ಕ್ಲಬ್‌ಗಳಲ್ಲಿ ಬಿಲಿಯರ್ಡ್ಸ್ ಟೇಬಲ್ ಸಿಗುತ್ತೆ, ಸಿಡಿಜೆ ಸಿಗಲ್ಲ.

ಹಾಗಾಗಿ ಕಂಟ್ರೋಲರ್‌ಗೆ ಬನ್ನಿ, ಅಂದ್ರೆ ಲ್ಯಾಪ್‌ಟಾಪ್‌ನ ಡಿಜೆ ಸಾಫ್ಟ್‌ವೇರ್ ಓಡಿಸೋಕೆ ಎರಡು ಜಾಗ್ ವೀಲ್ (ಕೈಯಲ್ಲಿ ತಿರುಗಿಸೋ ಚಕ್ರ), ಮಿಕ್ಸರ್ ಸೇರಿದ ಒಂದೇ ಪೆಟ್ಟಿಗೆ. ಎರಡು ಚಾನೆಲ್, ಸೌಂಡ್ ಕಾರ್ಡ್ ಒಳಗೇ ಇರೋದು, ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳೋದು. ಪಯೋನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4 ಸುಮಾರು 2 ಕಿಲೋ ಅಷ್ಟೆ, ರೆಕಾರ್ಡ್‌ಬಾಕ್ಸ್, ಸೆರಾಟೊ ಅನ್ನೋ ಡಿಜೆ ಸಾಫ್ಟ್‌ವೇರ್ ಎರಡರಲ್ಲೂ ಓಡುತ್ತೆ. ನಿಮ್ಮ ಮಿಕ್ಸರ್, ಸೌಂಡ್ ಕಾರ್ಡ್, ಮಿಡಿ ಕಂಟ್ರೋಲರ್, ಹಬ್, ನಾಲ್ಕೂ ಒಂದೇ ಏಟಿಗೆ ಪಟ್ಟಿಯಿಂದ ಔಟ್.

ರೆಸಾರ್ಟ್_ರಾತ್ರಿಪಾಳಿ

ಟರ್ನ್‌ಟೇಬಲ್ ತರೋ ಡಿಜೆ ಕೊಡಗಲ್ಲಿ ಇನ್ನೂ ಇದ್ದಾರಾ! ಮುಂದಿನ ಸಲ ನಮ್ಮ ಕಡೆ ಬನ್ನಿ, ಹೊತ್ತು ತರೋಕೆ ನಾನೇ ಹುಡುಗರನ್ನ ಕಳಿಸ್ತೀನಿ.

ಸೋಲ್ಡರ್_ಕುಶಾಲನಗರ

ನಾನು ಡಿಜೆ ಅಲ್ಲ, ರಿಪೇರಿಯವನು. ನನ್ನ ಮೇಜಿಗೆ ಬರೋದ್ರಲ್ಲಿ ಸತ್ತ ಮೆಷಿನ್ ಕಮ್ಮಿ, ಸತ್ತ ಜಾಯಿಂಟ್ ಜಾಸ್ತಿ. ಅದಕ್ಕೇ ಹೇಳ್ತೀನಿ, ಕಿಲೋ ಲೆಕ್ಕ ಬಿಡಿ, ಜಾಯಿಂಟ್ ಲೆಕ್ಕ ಹಾಕಿ.

ನಿಮ್ಮ ಸೆಟಪ್‌ನಲ್ಲಿ ಒಂದು ಹಾಡು ಹೊರಗೆ ಬರೋ ದಾರಿ ನೋಡಿ. ಮುಳ್ಳು ಟೈಮ್‌ಕೋಡ್ ಓದುತ್ತೆ, ಅದು ಆರ್‌ಸಿಎ (ಡಿವಿಡಿ ಪ್ಲೇಯರ್‌ಗೆ ಹಾಕೋ ಕೆಂಪು-ಬಿಳಿ ಪಿನ್) ವೈರ್‌ನಲ್ಲಿ ಸೌಂಡ್ ಕಾರ್ಡ್‌ಗೆ, ಅಲ್ಲಿಂದ ಯುಎಸ್‌ಬಿಯಲ್ಲಿ ಹಬ್‌ಗೆ, ಹಬ್‌ನಿಂದ ಲ್ಯಾಪ್‌ಟಾಪ್‌ಗೆ. ಲ್ಯಾಪ್‌ಟಾಪ್ ಹಾಡನ್ನ ಅದೇ ದಾರೀಲಿ ವಾಪಸ್ ಕಾರ್ಡ್‌ಗೆ ಕಳಿಸುತ್ತೆ, ಕಾರ್ಡ್‌ನಿಂದ ಇನ್ನೊಂದು ಜೊತೆ ಆರ್‌ಸಿಎ ಮಿಕ್ಸರ್‌ಗೆ, ಮಿಕ್ಸರ್‌ನಿಂದ ಹಾಲ್‌ಗೆ. ಎರಡು ಡೆಕ್‌ಗೂ ಹೀಗೇ. ನಡುವೆ ಅರ್ತ್ ವೈರ್‌ನ ಆ ಪುಟ್ಟ ಕೊಕ್ಕೆಗಳು, ನಾಲ್ಕೈದು ಅಡಾಪ್ಟರ್ ಬೇರೆ. ತುದಿಗಳನ್ನ ಎಣಿಸಿದ್ರೆ ಇಪ್ಪತ್ತು ದಾಟುತ್ತೆ. ಯಾವುದು ಸಡಿಲ ಆದ್ರೂ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಹುಡುಕೋದು ನೀವೇ. ಕಂಟ್ರೋಲರ್ ಆದ್ರೆ ಎಂಟೋ ಒಂಬತ್ತೋ ತುದಿ, ಮುಗೀತು.

ಇನ್ನೊಂದು ವಿಷ್ಯ ನಮ್ಮ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಆರ್‌ಸಿಎ ಪಿನ್ ಬಿಡುತ್ತಾ? ಪಿನ್ ಮೇಲೆ ಮಂಕು ಬಣ್ಣದ ಪೊರೆ ಕಟ್ಟಿದ್ರೆ ಒಂದು ಕಡೆ ಸ್ಪೀಕರ್ ಕಿರಕಿರ ಅನ್ನುತ್ತೆ, ಪಿನ್ ತಿರುಗಿಸಿದ್ರೆ ಸರಿಹೋಗುತ್ತೆ, ಹತ್ತು ನಿಮಿಷಕ್ಕೆ ಮತ್ತೆ ಶುರು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ. ಡಬ್ಲ್ಯೂಡಿ-40ಯ ಮಾಮೂಲಿ ನೀಲಿ ಡಬ್ಬಿ ಫೇಡರ್‌ಗೆ ಹೊಡೆದುಕೊಂಡು ಬಂದವರನ್ನ ನೋಡಿದೀನಿ, ದಯವಿಟ್ಟು ಬೇಡ.

ವೈನಿಲ್_ವಿರಾಜಪೇಟೆ

@ಪುತ್ತರಿಬೀಟ್ ಅವರೇ, @ಸೋಲ್ಡರ್ ಅಣ್ಣ, ಇಬ್ಬರೂ ಹೇಳಿದ್ದು ಒಪ್ಪಿದೆ, ಮನಸ್ಸು ಮಾತ್ರ ಒಪ್ತಿಲ್ಲ. ಜಾಗ್ ವೀಲ್ ಮುಟ್ಟಿದ್ರೆ ಕೈಗೆ ಏನೂ ಅನ್ನಿಸಲ್ಲ. ವೈನಿಲ್ ತಾನಾಗಿ ತಿರುಗ್ತಿರುತ್ತೆ, ನಾವು ತಡೀತೀವಿ, ಬಿಡ್ತೀವಿ. ಜಾಗ್ ವೀಲ್ ನಾವು ತಿರುಗಿಸಿದ್ರೆ ಮಾತ್ರ ತಿರುಗುತ್ತೆ. ಅಷ್ಟೇ ವ್ಯತ್ಯಾಸ, ಆದ್ರೆ ಎಲ್ಲಾ ವ್ಯತ್ಯಾಸ ಅದ್ರಲ್ಲೇ ಇದೆ.

ಮಂಟಪ_ಸೌಂಡ್

ನೋಡಪ್ಪ, ನಾನು ಮಡಿಕೇರಿ ದಸರಾ ಮಂಟಪಕ್ಕೆ ಸೌಂಡ್ ಹಾಕೋ ಕಡೆಯವನು. ದಶಮಂಟಪ ಅಂದ್ರೆ ಟ್ರ್ಯಾಕ್ಟರ್ ಮೇಲೆ ಲೈಟು, ಸೌಂಡು, ಬೊಂಬೆ ಎಲ್ಲಾ ಏರಿಸಿ ರಾತ್ರಿಯಿಡೀ ಊರು ಸುತ್ತೋದು. ಸಾಮಾನು ಕಮ್ಮಿ ಮಾಡಿ ಅಂತ ನಾನು ಹೇಳಿದ್ರೆ ನಮ್ಮ ಹುಡುಗರೇ ನಗ್ತಾರೆ. ಆದ್ರೂ ಹೇಳ್ತೀನಿ.

ನಿನ್ನ ಹಳೇ ಕ್ಲಬ್‌ಗಳಲ್ಲಿ ನೆಲ ಎಂಥದು? ಹಲಗೆಯದ್ದು. ನೂರು ಜನ ಒಟ್ಟಿಗೆ ಕುಣಿದ್ರೆ ಆ ಹಲಗೆ ಉಸಿರಾಡುತ್ತೆ. ಮುಳ್ಳು ಎಗರೋದು ಒಂದು ತೊಂದರೆ. ಟೈಮ್‌ಕೋಡ್‌ನಲ್ಲಿ ಆಬ್ಸಲ್ಯೂಟ್ ಮೋಡ್ ಇಟ್ಟಿದ್ರೆ ಮುಳ್ಳು ಎಗರಿದ ಕಡೆಗೆ ಹಾಡೂ ಎಗರುತ್ತೆ. ರಿಲೇಟಿವ್‌ಗೆ ಹಾಕಿದ್ರೆ ಜಾಗ ತಲೆಕೆಡಿಸ್ಕೊಳ್ಳದೆ ವೇಗ, ದಿಕ್ಕು ಮಾತ್ರ ನೋಡುತ್ತೆ, ಎಗರಿದ್ದು ಅಷ್ಟಾಗಿ ಗೊತ್ತಾಗಲ್ಲ. ಇದು ನಿನಗೂ ಗೊತ್ತಿರಬೇಕು. ಆದ್ರೆ ಮುಳ್ಳಿಗೆ ಧೂಳಿನ ಉಂಡೆ ಸಿಕ್ಕಿ ಸಿಗ್ನಲ್ ಹಾಳಾದ್ರೆ ಎರಡು ಮೋಡೂ ಕೈಕೊಡುತ್ತೆ. ಆಗ ಇಂಟರ್ನಲ್ ಮೋಡ್‌ಗೆ ಹಾಕಿ ಲ್ಯಾಪ್‌ಟಾಪ್ ಕೀ ಒತ್ತಿಕೊಂಡು ಕೂರ್ತೀಯ. ಟರ್ನ್‌ಟೇಬಲ್ ಎರಡೂ ಪಕ್ಕದಲ್ಲಿ ಸುಮ್ನೆ ತಿರುಗ್ತಾ ಇರುತ್ತೆ. ಇಪ್ಪತ್ತೈದು ಕಿಲೋ ಹೊತ್ತಿದ್ದು ಅದಕ್ಕಾ?

ಸುಂಟಿಕೊಪ್ಪ_ಬೇಸ್

ನನ್ನ ಮತ ಆಲ್-ಇನ್-ಒನ್‌ಗೆ, ಅಂದ್ರೆ ಪ್ಲೇಯರ್, ಮಿಕ್ಸರ್, ಸ್ಕ್ರೀನ್ ಎಲ್ಲಾ ಒಂದೇ ಮೆಷಿನ್‌ನಲ್ಲಿ. ಎಕ್ಸ್‌ಡಿಜೆ-ಆರ್‌ಎಕ್ಸ್3 ಥರದ್ದು. ಲ್ಯಾಪ್‌ಟಾಪೇ ಬೇಡ. ಪೆನ್‌ಡ್ರೈವ್ ಹಾಕು, ದೊಡ್ಡ ಟಚ್‌ಸ್ಕ್ರೀನಲ್ಲಿ ಹುಡುಕು, ಬಾರಿಸು. ಹಿಂದೆ ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್‌ನ ಮೂರು ಪಿನ್‌ದು) ಔಟ್‌ಪುಟ್ ಇದೆ, ಹಾಲ್‌ನ ಸಿಸ್ಟಮ್‌ಗೆ ನೇರ. ವಿಂಡೋಸ್ ಅಪ್‌ಡೇಟ್ ಅನ್ನೋ ಪೀಡೆ ಇಲ್ಲ.

ಪುತ್ತರಿಬೀಟ್

@ಸುಂಟಿಕೊಪ್ಪ_ಬೇಸ್ ಅದು 9 ಕಿಲೋ ಮೇಲಿದೆ, ಅಗಲ ಬೇರೆ. ಆಲ್ಟೊ ಹಿಂದಿನ ಸೀಟ್ ಪೂರ್ತಿ ಅದಕ್ಕೇ ಬೇಕು. ಅದರ ಬೆಲೆಯಲ್ಲಿ ಎಫ್‌ಎಲ್‌ಎಕ್ಸ್4 ಹಲವು ಬರುತ್ತೆ.

ಅದಕ್ಕಿಂತ ಮುಖ್ಯ ಕರೆಂಟ್. ಜುಲೈನಲ್ಲಿ ಮರ ಬಿದ್ದು ಲೈನ್ ಹೋಗೋದು ನಮ್ಮಲ್ಲಿ ಸುದ್ದಿಯೇ ಅಲ್ಲ. ಕರೆಂಟ್ ಹೋಗಿ ಜನರೇಟರ್ ಹತ್ತೋವರೆಗೆ ಹಾಲ್ ಪೂರ್ತಿ ಸ್ತಬ್ಧ, ಸರಿ. ಆದ್ರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲಿರುತ್ತೆ, ಕಂಟ್ರೋಲರ್ ಲ್ಯಾಪ್‌ಟಾಪ್ ಮೇಲಿರುತ್ತೆ. ಸ್ಪೀಕರ್‌ಗೆ ಜೀವ ಬಂದ ಕೂಡಲೇ ಹಾಡು ನಿಂತಲ್ಲಿಂದ ಎತ್ತಬಹುದು. ಆಲ್-ಇನ್-ಒನ್ ಪೂರ್ತಿ ಆರಿಹೋಗುತ್ತೆ. ಮತ್ತೆ ಬೂಟ್ ಆಗಬೇಕು, ಪೆನ್‌ಡ್ರೈವ್ ಓದಬೇಕು, ಹಾಡು ಲೋಡ್ ಮಾಡಬೇಕು. ಕುಣಿಯೋರು ಅಷ್ಟರಲ್ಲಿ ಬಾರ್ ಕೌಂಟರ್ ಸೇರಿರ್ತಾರೆ.

ಸುಂಟಿಕೊಪ್ಪ_ಬೇಸ್

ಪುಟ್ಟ ಯುಪಿಎಸ್ ಇಡಿ.

ಪುತ್ತರಿಬೀಟ್

ಆಗ ಅದನ್ನೂ ಹೊರಬೇಕಲ್ಲ ಮಾರಾಯ್ರೇ, ಸೀಸದ ಬ್ಯಾಟರಿ! ಲ್ಯಾಪ್‌ಟಾಪ್ ಬೇಡವೇ ಬೇಡ ಅಂದ್ರೆ ಬ್ಯಾಟರಿ ಒಳಗೇ ಇರೋ ಆಲ್-ಇನ್-ಒನ್ ನೋಡಿ. ಡೆನಾನ್ ಪ್ರೈಮ್ ಗೋ ಇದೆ, 2024ರಲ್ಲಿ ಬಂದ ಆಮ್ನಿಸ್-ಡ್ಯುಯೊ ಇದೆ. ಗಂಟೆಗಟ್ಟಲೆ ಓಡುತ್ತೆ. ತೋಟದ ಮಧ್ಯೆ ಬೆಂಕಿ ಹಾಕಿ ಕೂರೋ ಪಾರ್ಟಿಗೆ ಹೇಳಿ ಮಾಡಿಸಿದ್ದು. ಬೆಲೆ ಮಾತ್ರ ಎಫ್‌ಎಲ್‌ಎಕ್ಸ್4ಗಿಂತ ಬಹಳ ಮೇಲೆ.

ಮಂಟಪ_ಸೌಂಡ್

ಕರೆಂಟ್ ವಿಷ್ಯ ಬಂತಲ್ಲ, ಇದನ್ನ ಗಟ್ಟಿಯಾಗಿ ಹೇಳ್ತೀನಿ, ಎಲ್ಲರೂ ಓದಿ.

ಕಂಟ್ರೋಲರ್‌ಗೆ ಹೋದ್ರೆ ಒಂದು ಹೊಸ ತೊಂದರೆ ಗ್ಯಾರಂಟಿ: ಗುಂಯ್ ಶಬ್ದ. ಎಫ್‌ಎಲ್‌ಎಕ್ಸ್4ನಲ್ಲಿ ಮಾಸ್ಟರ್ ಔಟ್ ಆರ್‌ಸಿಎ ಮಾತ್ರ. ನಿನ್ನ ಲ್ಯಾಪ್‌ಟಾಪ್ ಚಾರ್ಜರ್ ಒಂದು ಪ್ಲಗ್‌ನಲ್ಲಿ, ಹಾಲ್‌ನ ಮಿಕ್ಸರ್ ಇನ್ನೊಂದು ಮೂಲೆಯ ಪ್ಲಗ್‌ನಲ್ಲಿ. ಎರಡೂ ಅರ್ತ್ ಒಂದೇ ಮಟ್ಟದಲ್ಲಿರಲ್ಲ. ಆ ವ್ಯತ್ಯಾಸದ ಕರೆಂಟ್ ಆರ್‌ಸಿಎ ಕೇಬಲ್‌ನ ಹೊರ ಜಾಲರಿಯಲ್ಲಿ ಹರಿಯುತ್ತೆ, ಸ್ಪೀಕರ್‌ನಲ್ಲಿ 50 ಹರ್ಟ್ಸ್‌ನ ಗುಂಯ್ ಆಗಿ ಕೇಳುತ್ತೆ. ಚಾರ್ಜರ್ ಕಿತ್ತ ಕೂಡಲೇ ನಿಂತ್ರೆ ಕಾರಣ ಇದೇ ಅಂತ ತಿಳ್ಕೋ.

ಆಗ ಯಾರೋ ಒಬ್ಬ ಬಂದು ಚಾರ್ಜರ್‌ನ ದಪ್ಪ ಪಿನ್ ಮುರಿದುಹಾಕು ಅಂತಾನೆ. ಮುರಿದ್ರೆ ಗುಂಯ್ ನಿಲ್ಲೋದು ನಿಜ. ಮಳೆಗಾಲ, ಒದ್ದೆ ನೆಲ, ಲಾನ್ ಮೇಲೆ ಎಳೆದ ಎಕ್ಸ್‌ಟೆನ್ಷನ್ ಬೋರ್ಡ್, ಕೈಯಲ್ಲಿ ಕಬ್ಬಿಣದ ಮೈಕ್. ಎಲ್ಲಾದರೂ ಲೀಕ್ ಆದ್ರೆ ಆ ಕರೆಂಟ್ ಹೋಗೋಕೆ ಉಳಿದಿರೋ ದಾರಿ ನೀನೇ. ಪಿನ್ ಮುರಿಬೇಡ, ಅರ್ತ್ ವೈರ್ ಬಿಚ್ಚಬೇಡ.

ಸರಿಯಾದ ದಾರಿ ಡಿಐ ಬಾಕ್ಸ್, ಅಂದ್ರೆ ಸಿಗ್ನಲ್‌ನ ಮೈಕ್ ಕೇಬಲ್‌ಗೆ ಹೊಂದೋ ಹಾಗೆ ಬದಲಿಸೋ ಪುಟ್ಟ ಡಬ್ಬಿ. ಪ್ಯಾಸಿವ್ ತಗೋ, ಒಳಗೆ ಟ್ರಾನ್ಸ್‌ಫಾರ್ಮರ್ ಇರೋದು. ಬ್ಯಾಟರಿ ಬೇಡ, ಫ್ಯಾಂಟಮ್ (ಮಿಕ್ಸರ್‌ನಿಂದ ಮೈಕ್ ಕೇಬಲ್‌ನಲ್ಲಿ ಬರೋ ಕರೆಂಟ್) ಬೇಡ. ಒಂದು ಕಡೆ ಕಂಟ್ರೋಲರ್‌ನಿಂದ ಗಿಡ್ಡ ಕೇಬಲ್, ಇನ್ನೊಂದು ಕಡೆ ಎಕ್ಸ್‌ಎಲ್‌ಆರ್. ಅದರ ಮೇಲಿರೋ ಗ್ರೌಂಡ್ ಲಿಫ್ಟ್ ಸ್ವಿಚ್ ಬಿಡಿಸೋದು ಸಿಗ್ನಲ್‌ನ ಗ್ರೌಂಡ್ ಮಾತ್ರ, ಜೀವ ಉಳಿಸೋ ಅರ್ತ್ ಹಾಗೇ ಇರುತ್ತೆ. ಡಿಐನಿಂದ ಮೈಕ್ ಮಟ್ಟದ ಸಿಗ್ನಲ್ ಹೊರಬರುತ್ತೆ, ಹಾಲ್ ಮಿಕ್ಸರ್‌ನ ಮೈಕ್ ಇನ್‌ಪುಟ್‌ಗೆ ಹಾಕಿ ಗೇನ್ ಕೆಳಗಿಂದ ಮೇಲೆ ಎತ್ತು. ಆಮೇಲೆ ಮಿಕ್ಸರ್ ಇಪ್ಪತ್ತೈದು ಮೀಟರ್ ದೂರ ಇದ್ರೂ ತಲೆಬಿಸಿ ಇಲ್ಲ. ಬರೀ ಆರ್‌ಸಿಎಯಲ್ಲಿ ಅಷ್ಟು ದೂರ ಎಳೆದ್ರೆ ಪಕ್ಕದ ಲೈಟ್ ಡಿಮ್ಮರ್‌ದೆಲ್ಲಾ ಹಾಡಿನ ಜೊತೆ ಕೇಳಿಸ್ತದೆ.

ಸೋಲ್ಡರ್_ಕುಶಾಲನಗರ

ಮೇಲಿನ ಮಾತಿಗೆ ನನ್ನ ಎರಡೂ ಕೈ. ಪಿನ್ ಮುರಿದ ಚಾರ್ಜರ್ ರಿಪೇರಿಗೆ ಬಂದ್ರೆ ನಾನು ಹೊಸ ಪ್ಲಗ್ ಹಾಕದೆ ವಾಪಸ್ ಕೊಡಲ್ಲ. ಗಿರಾಕಿ ಬೇಡ ಅಂದ್ರೂ.

ರೆಸಾರ್ಟ್_ರಾತ್ರಿಪಾಳಿ

ನಾನು ಈಚೆ ಕಡೆಯವನು, ಅಂದ್ರೆ ಡಿಜೆಗಳನ್ನ ಕರೆಸೋನು. ನೀವು ಹೊರೋ ಕೇಬಲ್‌ನಲ್ಲಿ ಅರ್ಧ ‘ಬೇಕಾದ್ರೆ ಇರಲಿ’ ಅಂತ ಹಾಕ್ಕೊಂಡಿದ್ದು. ಯಾಕಂದ್ರೆ ಇಲ್ಲಿ ಏನಿದೆ ಅಂತ ನಿಮಗೆ ಗೊತ್ತಿಲ್ಲ. ಎರಡು ದಿನ ಮುಂಚೆ ವಾಟ್ಸಾಪ್‌ನಲ್ಲಿ ಕೇಳಿ: ನಿಮ್ಮ ಮಿಕ್ಸರ್‌ನ ಹಿಂಭಾಗದ ಫೋಟೋ ಕಳಿಸಿ ಅಂತ. ಮುಂಭಾಗ ಅಲ್ಲ, ಹಿಂಭಾಗ. ನಮ್ಮಲ್ಲಿ ಅದು ಬೀಗ ಹಾಕಿದ ರ‍್ಯಾಕ್‌ನಲ್ಲಿದೆ, ಬೀಗದ ಕೈ ಮ್ಯಾನೇಜರ್ ಹತ್ರ, ಮ್ಯಾನೇಜರ್ ಭಾನುವಾರ ಇರಲ್ಲ. ಇಂಥದ್ದೆಲ್ಲಾ ಆ ಒಂದು ಫೋಟೋ ಕೇಳಿದಾಗಲೇ ಹೊರಗೆ ಬರುತ್ತೆ. ಫೋಟೋದಲ್ಲಿ ಎಕ್ಸ್‌ಎಲ್‌ಆರ್ ಖಾಲಿ ಇದೆಯಾ, ಪಿ-38 (ಗಿಟಾರ್‌ಗೆ ಹಾಕೋ ದಪ್ಪ ಜ್ಯಾಕ್) ಇದೆಯಾ, ಆರ್‌ಸಿಎ ಮಾತ್ರನಾ ಅಂತ ನೋಡ್ಕೊಂಡು ಅಷ್ಟೇ ತನ್ನಿ.

ಇನ್ನು ಸಮಯ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಮುಚ್ಚಿದ ಹಾಲ್‌ಗೆ ವಿನಾಯಿತಿ ಇದೆ, ಆದ್ರೂ ಶಬ್ದ ಹೊರಗೆ ಹೋದ್ರೆ ಪಕ್ಕದ ತೋಟದವರು ಫೋನ್ ಮಾಡ್ತಾರೆ. ಹಾಗಾಗಿ ನಮ್ಮಲ್ಲಿ 9:55ಕ್ಕೆ ಲಾನ್ ಬಂದ್, ಗೆಸ್ಟ್‌ಗಳು ಒಳಗೆ. ಬೇಗ ಎತ್ತಿಕೊಂಡು ಒಳಗೆ ಹಾಕೋಕೆ ಆಗೋ ಸೆಟಪ್ ಇದ್ದವನನ್ನೇ ನಾನು ಮತ್ತೆ ಕರೆಯೋದು. ಬಾರಿಸೋದು ಹೇಗಿದ್ರೂ ಸುಧಾರಿಸಬಹುದು.

ಹೊಸಬ_ಗೋಣಿಕೊಪ್ಪ

ನಾನು ಇನ್ನೂ ಕಲೀತಿದೀನಿ. ಹಾಡನ್ನ ಗಿಗ್ ಟೈಮ್‌ನಲ್ಲೇ ಫೋನ್ ಹಾಟ್‌ಸ್ಪಾಟ್‌ನಲ್ಲಿ ಸ್ಟ್ರೀಮ್ ಮಾಡಿದ್ರೆ ಹಾರ್ಡ್ ಡಿಸ್ಕ್ ಒಯ್ಯೋದೂ ತಪ್ಪುತ್ತಲ್ವಾ?

ಸುಂಟಿಕೊಪ್ಪ_ಬೇಸ್

ತಮ್ಮಾ, ನೀನು ಭಾಗಮಂಡಲ ಕಡೆ ಹೋಗಿಲ್ಲ ಅಂತ ಕಾಣುತ್ತೆ.

ಪುತ್ತರಿಬೀಟ್

@ಹೊಸಬ_ಗೋಣಿಕೊಪ್ಪ ಬೇಡಪ್ಪ. ಘಟ್ಟದಲ್ಲಿ ಫೋನ್ ಮಾಡೋಕೇ ಮನೆ ಹಿಂದಿನ ಗುಡ್ಡ ಹತ್ತಬೇಕು. ಹಾಡೆಲ್ಲಾ ಲ್ಯಾಪ್‌ಟಾಪ್ ಒಳಗೇ ಇರಲಿ, ಹೊರಗಿನ ಡಿಸ್ಕ್ ಕೂಡ ಬೇಡ, ಅದೂ ಒಂದು ಜಾಯಿಂಟೇ.

ಜೊತೆಗೆ ಒಂದು ಪೆನ್‌ಡ್ರೈವ್ ರೆಕಾರ್ಡ್‌ಬಾಕ್ಸ್‌ನಿಂದ ಎಕ್ಸ್‌ಪೋರ್ಟ್ ಮಾಡಿ ಇಟ್ಕೋ, ಅಪರೂಪಕ್ಕೆ ಸಿಡಿಜೆ ಇರೋ ಜಾಗ ಸಿಕ್ರೆ ಅದೊಂದೇ ಸಾಕು. ಸುಮ್ನೆ ಫೈಲ್ ಕಾಪಿ ಮಾಡಿದ್ರೆ ಹಾಡು ಓಡುತ್ತೆ, ಆದ್ರೆ ನೀನು ಕೂತು ಹಾಕಿದ ಕ್ಯೂ ಪಾಯಿಂಟ್, ಬೀಟ್‌ಗ್ರಿಡ್ (ತಾಳದ ಪೆಟ್ಟು ಎಲ್ಲಿ ಬೀಳುತ್ತೆ ಅನ್ನೋ ಗೆರೆಗಳು) ಯಾವುದೂ ಬರಲ್ಲ. ಎಫ್‌ಎಟಿ32ನಲ್ಲಿ ಫಾರ್ಮ್ಯಾಟ್ ಮಾಡು, ಎನ್‌ಟಿಎಫ್‌ಎಸ್ ಆದ್ರೆ ಸಿಡಿಜೆ ಓದೋದೇ ಇಲ್ಲ. ಹಳೇ ಸಿಡಿಜೆ-2000ಗೆ ಫ್ಲ್ಯಾಕ್ ಫೈಲ್ ಅರ್ಥವಾಗಲ್ಲ, 320 ಕೆಬಿಪಿಎಸ್‌ನ ಎಂಪಿ3 ಎಲ್ಲಾ ಕಡೆ ನಡೆಯುತ್ತೆ.

ಮತ್ತೆ ವಿಂಡೋಸ್‌ನಲ್ಲಿ ಮೂರು ಕೆಲಸ: ಗಿಗ್‌ಗೆ ಮುಂಚೆ ಅಪ್‌ಡೇಟ್ ಮುಗಿಸಿ ಮುಂದಿನದನ್ನ ತಡೆಹಿಡಿಯೋದು (ಪಾಝ್), ವೈಫೈ ಆಫ್, ಪವರ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್. ಮೂರನೆಯದು ಬಿಟ್ರೆ ವಿಂಡೋಸ್ ಕರೆಂಟ್ ಉಳಿಸ್ತೀನಿ ಅಂತ ಯುಎಸ್‌ಬಿಯನ್ನೇ ಮಲಗಿಸಬಹುದು. ಆಡಿಯೊ ಬಫರ್ (ಶಬ್ದ ಹೊರಡೋ ಮುಂಚೆ ಲ್ಯಾಪ್‌ಟಾಪ್ ಕೂಡಿಟ್ಕೊಳ್ಳೋ ತುಣುಕು) ಕೂಡ ತೀರಾ ಇಳಿಸಬೇಡ. 44.1 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಅಂದ್ರೆ ಸುಮಾರು 6 ಮಿಲಿಸೆಕೆಂಡ್, 512 ಅಂದ್ರೆ 12ರ ಹತ್ರ. ಸ್ಕ್ರ್ಯಾಚ್ ಮಾಡೋರಿಗೆ ಕಮ್ಮಿ ಬೇಕು, ಉಳಿದವರಿಗೆ 512ರಲ್ಲಿ ಏನೂ ಗೊತ್ತಾಗಲ್ಲ. ಬಫರ್ ಸಣ್ಣದಿದ್ದಷ್ಟೂ ಹಳೇ ಲ್ಯಾಪ್‌ಟಾಪ್ ಚಟಪಟ ಅನ್ನೋದು ಜಾಸ್ತಿ.

ವೈನಿಲ್_ವಿರಾಜಪೇಟೆ

ಇಷ್ಟೆಲ್ಲಾ ಓದಿ ಒಂದು ಪಟ್ಟಿ ಮಾಡಿದೆ: ಕಂಟ್ರೋಲರ್, ಲ್ಯಾಪ್‌ಟಾಪ್, ಚಾರ್ಜರ್, ಹೆಡ್‌ಫೋನ್, ಯುಎಸ್‌ಬಿ ಕೇಬಲ್ ಎರಡು (ಒಂದು ಸ್ಪೇರ್), ಡಿಐ, ಪೆನ್‌ಡ್ರೈವ್. ಟರ್ನ್‌ಟೇಬಲ್ ಮನೇಲೇ ಇರುತ್ತೆ, ಮಾರಲ್ಲ.

ಒಂದು ಸಂಶಯ. ನಮ್ಮ ಕೊಡವ ಮದುವೆಗಳಲ್ಲಿ ವಾಲಗ ಬೇಕೇ ಬೇಕು ಅಂತಾರೆ. ವಾಲಗದವರು ಊಟಕ್ಕೆ ಕೂತಾಗ ಆ ಖಾಲಿ ಹೊತ್ತಲ್ಲಿ ನಾನು ರೆಕಾರ್ಡ್ ಆದ ವಾಲಗ ಹಾಕ್ತೀನಿ. ಟರ್ನ್‌ಟೇಬಲ್‌ನಲ್ಲಿ ಬೆರಳಿಂದ ತಳ್ಳಿ ವೇಗ ಹೊಂದಿಸ್ತಿದ್ದೆ. ಕಂಟ್ರೋಲರ್‌ನಲ್ಲಿ ಸಿಂಕ್ (ಎರಡು ಹಾಡಿನ ವೇಗ ತಾನೇ ಹೊಂದಿಸೋ ಬಟನ್) ಒತ್ತಿದ್ರೆ ಹಾಡು ಕುಂಟುತ್ತೆ ಅಂತ ಕೇಳಿದೀನಿ, ಹೌದಾ?

ಮಂಟಪ_ಸೌಂಡ್

ಕುಂಟದೆ ಏನು ಮಾಡುತ್ತೆ? ಸಾಫ್ಟ್‌ವೇರ್ ಮಾಮೂಲಿಯಾಗಿ ಇಡೀ ಹಾಡಿಗೆ ಒಂದೇ ವೇಗ ಲೆಕ್ಕ ಹಾಕಿ ಕೊನೇವರೆಗೂ ಅದೇ ಅಂತರದಲ್ಲಿ ಗೆರೆ ಎಳೆಯುತ್ತೆ. ದುಡಿ, ಡೋಲು ಬಾರಿಸೋದು ಮನುಷ್ಯ. ಕುಣಿಯೋರು ಬಿಸಿ ಏರಿದ ಹಾಗೆ ಅವನೂ ಏರಿಸ್ತಾನೆ. ನಡುವೆ ಬಂದಾಗ ಗೆರೆ ಒಂದು ಕಡೆ, ಪೆಟ್ಟು ಒಂದು ಕಡೆ. ವಾಲಗಕ್ಕೆ ಸಿಂಕ್ ಮುಟ್ಟಲೇಬೇಡ. ಮಿಕ್ಸ್ ಮಾಡೋಕೂ ಹೋಗಬೇಡ, ಹಿಂದಿನ ಹಾಡಿನ ಕೊನೆಯ ಪೆಟ್ಟಿಗೆ ಫೇಡರ್ ಇಳಿಸಿ ಇದನ್ನ ಎತ್ತು. ಕುಣಿಯೋರ ಕಾಲು ತಾನೇ ಹೊಂದಿಸ್ಕೊಳ್ಳುತ್ತೆ. ಇನ್ನೊಂದು, ವಾಲಗದ ರೆಕಾರ್ಡಿಂಗ್ ಹಲವು ಮೆಲ್ಲಗಿರುತ್ತವೆ. ಮುಂಚೆಯೇ ಗೇನ್ ನೋಡಿಟ್ಕೋ, ಆಗ ಗಡಿಬಿಡಿಯಲ್ಲಿ ಮಾಸ್ಟರ್ ತಿರುಗಿಸಿ ಕೆಂಪು ಹತ್ತಿಸೋದು ತಪ್ಪುತ್ತೆ.

ಸೋಲ್ಡರ್_ಕುಶಾಲನಗರ

ಪಟ್ಟಿಗೆ ಎರಡು ಸೇರಿಸಿ. ಸಿಲಿಕಾ ಜೆಲ್ ಪೊಟ್ಟಣ, ಚೀಲದ ಮೂಲೆಯಲ್ಲಿ. ಬಿಳಿ ಪೊಟ್ಟಣ ವರ್ಷಗಟ್ಟಲೆ ಇಟ್ರೆ ಪ್ರಯೋಜನ ಇಲ್ಲ, ನೀಲಿ ಹರಳಿಂದು ತಗೊಂಡ್ರೆ ಗುಲಾಬಿ ಬಣ್ಣಕ್ಕೆ ತಿರುಗಿದಾಗ ನೀರು ಕುಡಿದಿದೆ ಅಂತ ಕಾಣುತ್ತೆ, ಬಿಸಿ ಮಾಡಿ ಒಣಗಿಸಬಹುದು. ಎರಡನೆಯದು ಅಭ್ಯಾಸ: ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಚೀಲ ಬಿಚ್ಚಬೇಡಿ. ತಣ್ಣಗಿರೋ ಮೆಷಿನ್‌ಗೆ ಒದ್ದೆ ಗಾಳಿ ತಾಗಿದ್ರೆ ಒಳಗೆ ಬೆವರುತ್ತೆ. ಕಾಫಿ ಕುಡಿದು ಬಂದು ಆಮೇಲೆ ಜಿಪ್ ತೆಗೀರಿ.

ಡಿಐ, ಎಕ್ಸ್‌ಎಲ್‌ಆರ್ ಕೇಬಲ್ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕೊಳ್ಳೋದಾದ್ರೆ ಕನೆಕ್ಟರ್ ಬಿಚ್ಚಿ ತೋರಿಸಿ ಅಂತ ಕೇಳಿ. ಒಳಗೆ ವೈರ್‌ನ ಬಿಗಿಹಿಡಿಯೋ ಕ್ಲಾಂಪ್ ಇಲ್ಲದಿದ್ರೆ ಎಳೆದಾಗ ಭಾರ ಎಲ್ಲಾ ಸೋಲ್ಡರ್ ಮೇಲೆ ಬೀಳುತ್ತೆ, ನನಗೆ ಗಿರಾಕಿ ಸಿಕ್ಕ ಹಾಗೆ.

ವೈನಿಲ್_ವಿರಾಜಪೇಟೆ

ಸರಿ ಅಣ್ಣ. ಕೊನೇ ಪ್ರಶ್ನೆ: ಅಂಗಡಿಯವನು ಒಂದು ಚಾನೆಲ್‌ನ ಡಿಐ ಸಾಕು, ಇಲ್ಲಿ ಹೆಚ್ಚಿನ ಹಾಲ್ ಮೊನೊನೇ ಅಂದ. ದುಡ್ಡು ಉಳಿಯುತ್ತೆ. ತಗೊಳ್ಳಲಾ?

ಮಂಟಪ_ಸೌಂಡ್

ಎರಡು ಚಾನೆಲ್‌ದೇ ತಗೋ. ಹಾಲ್ ಮೊನೊ ಇದ್ರೆ ಅವರ ಮಿಕ್ಸರ್‌ನಲ್ಲಿ ಎರಡೂ ಪ್ಯಾನ್ ನಡುವಿಗೆ ತಿರುಗಿಸಿದ್ರಾಯ್ತು. ಒಂದೇ ಚಾನೆಲ್‌ದು ತಂದು ಎಡಗಡೆ ಔಟ್ ಮಾತ್ರ ಸಿಕ್ಕಿಸಿದ್ರೆ, ಬಲಗಡೆ ರೆಕಾರ್ಡ್ ಆದ ಕೊಂಬು ಯಾರಿಗೂ ಕೇಳಲ್ಲ. ಎಡ, ಬಲ ಎರಡನ್ನೂ ವೈ ಕೇಬಲ್‌ನಲ್ಲಿ ಗಂಟು ಹಾಕ್ತೀನಿ ಅಂತ ಮಾತ್ರ ಹೊರಡಬೇಡ. ಔಟ್‌ಪುಟ್ ಎರಡು ಒಂದಕ್ಕೊಂದು ಜಗ್ಗಾಡ್ತವೆ.

ರೆಸಾರ್ಟ್_ರಾತ್ರಿಪಾಳಿ

ನಮ್ಮದು ಸ್ಟೀರಿಯೋ. ಹಿಂಭಾಗದ ಫೋಟೋ ಸೋಮವಾರ ಕಳಿಸ್ತೀನಿ, ಮ್ಯಾನೇಜರ್ ಬಂದ ಮೇಲೆ.